ಹಣ್ಣಿನ ಚೀಲ ಕೊಟ್ಟು ಬಂದರೆ ಸಾಲದು

ಕೋಪರಖೈರಣೆಯಲ್ಲಿ ನಮ್ಮ ಸಂಘದ ಸದಸ್ಯರೊಬ್ಬರಿದ್ದಾರೆ. ಕುಂದಾಪುರದ ಕಡೆಯವರು, ಇಪ್ಪತ್ತೆರಡು ವರ್ಷ ದೋಸೆಯ ಕಾವಲಿಯ ಮುಂದೆ ನಿಂತು ದುಡಿದವರು. ಹೆಸರು ಹೇಳುವುದು ಬೇಡ, ದೋಸೆಭಟ್ಟರು ಎಂದರೆ ಸಾಕು. ಎಂಟು ತಿಂಗಳ ಹಿಂದೆ, ಬೆಳಗಿನ ಗಿರಾಕಿ ತುಂಬಿದ ಹೊತ್ತಿನಲ್ಲಿ ಅವರ ಕೈಯ ಸಟ್ಟುಗ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಗಳಿಗೆಯಲ್ಲಿ ಹೋದವು.

ಕಳೆದ ತಿಂಗಳು ನಾವು ಮೂವರು ಅವರನ್ನು ನೋಡಲು ಹೋದೆವು. ಕೈಯಲ್ಲಿ ಸೇಬು ಮೋಸಂಬಿಗಳ ಒಂದು ಚೀಲ, ಜೇಬಿನಲ್ಲಿ ಸಂಘದ ಪರಿಹಾರ ನಿಧಿಯ ಒಂದು ಲಕೋಟೆ. ಸಿಡ್ಕೊ ಕಟ್ಟಿಸಿದ ಹಳೆಯ ಸಣ್ಣ ರೋ ಹೌಸುಗಳ ಮೇಲೆ ಮಾಳಿಗೆಯ ಮೇಲೆ ಮಾಳಿಗೆ ಏರಿಸಿ ಬಾಡಿಗೆಗೆ ಕೊಟ್ಟಿರುವುದನ್ನು ಕೋಪರಖೈರಣೆಯಲ್ಲಿ ಇರುವವರೆಲ್ಲ ಬಲ್ಲರು. ಅಂಥದೊಂದು ಮನೆಯ ಮೂರನೆಯ ಮಾಳಿಗೆಯಲ್ಲಿ ಭಟ್ಟರ ಖೋಲಿ. ಮೆಟ್ಟಲು ಎಷ್ಟು ಇಕ್ಕಟ್ಟು, ಎಷ್ಟು ಕಡಿದು ಎಂದರೆ ಗಟ್ಟಿಮುಟ್ಟಾದ ಆಳು ಕೂಡ ಗೋಡೆ ಹಿಡಿದೇ ಹತ್ತಬೇಕು. ಆಸ್ಪತ್ರೆಯಿಂದ ಬಿಟ್ಟ ದಿನ ನಾಲ್ವರು ಕುರ್ಚಿಯಲ್ಲಿ ಕೂಡಿಸಿ ಹೊತ್ತು ಮೇಲೆ ತಂದರಂತೆ. ಅಂದಿನಿಂದ ಭಟ್ಟರು ಒಂದು ಸಲವೂ ಕೆಳಗಿಳಿದಿಲ್ಲ.

"ಹೇಗಿದ್ದೀರಿ ಭಟ್ರೇ?" ಎಂದು ನಾವು ಕೇಳಿದೆವು. ಅವರು ಏನೋ ಹೇಳಹೋದರು. ಮಾತು ಹೊರಡಲಿಲ್ಲ, ಕಣ್ಣಲ್ಲಿ ನೀರು ಇಳಿಯಿತು. ನಮಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮುಖ ತಿರುಗಿಸಿ ಅವರ ಹೆಂಡತಿಯ ಹತ್ತಿರ ಊಟ, ಔಷಧಿ, ನಿದ್ದೆ ಎಂದು ನಾಲ್ಕು ಮಾತು ವಿಚಾರಿಸಿ, ಹದಿನೈದು ನಿಮಿಷದಲ್ಲಿ ಎದ್ದು ಬಂದೆವು. ಬಾಗಿಲ ತನಕ ಬಂದ ಆಕೆ ಹೇಳಿದ್ದು ಇಷ್ಟು: "ಅಣ್ಣ, ಬಂದವರೆಲ್ಲ ಅವರ ವಿಷಯ ನನ್ನ ಹತ್ತಿರ ಕೇಳ್ತಾರೆ. ಅವರ ಹತ್ತಿರ ಯಾರೂ ಕೂತು ಮಾತಾಡುವುದಿಲ್ಲ. ನನ್ನ ವಿಷಯವಂತೂ ಯಾರೂ ಕೇಳುವುದೇ ಇಲ್ಲ."

ಮೆಟ್ಟಲಿಳಿದು ಬೀದಿಗೆ ಬಂದ ಮೇಲೂ ಆ ಮಾತು ನಮ್ಮ ಬೆನ್ನು ಬಿಡಲಿಲ್ಲ. ಸಂಬಳ, ರಜೆ, ಬೋನಸ್ಸು, ಕೆಲಸದ ಹೊತ್ತು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ನಾವು ಎಷ್ಟೋ ಬರೆದಿದ್ದೇವೆ. ಆದರೆ ದುಡಿಯುವ ಕೈ ಬಿದ್ದುಹೋದ ಮೇಲೆ ಆ ಕೈಯುಳ್ಳ ಮನುಷ್ಯ ಏನಾಗುತ್ತಾನೆ, ಅವನನ್ನು ನೋಡಿಕೊಳ್ಳುವವರು ಏನಾಗುತ್ತಾರೆ ಎಂಬ ಬಗ್ಗೆ ಒಂದು ಅಂಕಣವನ್ನೂ ಬರೆದಿಲ್ಲ. ಇಂದು ಬರೆಯುತ್ತಿದ್ದೇವೆ.

ಮೊದಲು ಈ ಕಾಯಿಲೆಯನ್ನು ತಿಳಿದುಕೊಳ್ಳೋಣ. ಇದು ಗಾಳಿ ಸೋಕಿ ಬಂದುದಲ್ಲ, ದೈವದ ಮುನಿಸೂ ಅಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ, ಆ ರಕ್ತವನ್ನು ನಂಬಿದ ಮಿದುಳಿನ ಭಾಗ ಸಾಯತೊಡಗುತ್ತದೆ. ಯಾವ ಭಾಗಕ್ಕೆ ಪೆಟ್ಟು ಬಿತ್ತೋ ಅದು ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದೆ ಜೋತುಬಿದ್ದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರಬಾರದು. ಮಿದುಳಿನ ಫೋಟೋ ತೆಗೆಯುವ ಸೌಕರ್ಯವುಳ್ಳ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೋಗಬೇಕು. ನಾಳ ಕಟ್ಟಿಕೊಂಡಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ನಿದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಇದು ನಮ್ಮ ಮಂದಿಗೆ ದೂರದ ಕಾಯಿಲೆಯಲ್ಲ. 1982ರ ಜನವರಿ 18ರಂದು ಮುಷ್ಕರಕ್ಕಿಳಿದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರಲ್ಲಿ ಅಂದು ಇಪ್ಪತ್ತರ ಹುಡುಗರಾಗಿದ್ದವರಿಗೆ ಇಂದು ಅರುವತ್ತು ದಾಟಿದೆ. ಲಕ್ವ ಹೆಚ್ಚಾಗಿ ಹೊಂಚುಹಾಕುವ ವಯಸ್ಸು ಅದು. ಇನ್ನು ಹೋಟೇಲಿನವರು. ಮುಂಜಾನೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಬಾಳು, ಹೊತ್ತಲ್ಲದ ಹೊತ್ತಿನ ಊಟ, ದಣಿವಿಗೆ ಬೀಡಿ ತಂಬಾಕು. ರಕ್ತದ ಒತ್ತಡ ಎಷ್ಟಿದೆ ಎಂದು ಬಿದ್ದ ದಿನವೇ ಮೊದಲು ತಿಳಿಯುವವರು ನಮ್ಮಲ್ಲಿ ಎಷ್ಟೋ ಮಂದಿ. ಲಕ್ವಕ್ಕೆ ದೊಡ್ಡ ಕಾರಣ ಆ ಒತ್ತಡವೇ.

ಜೀವ ಉಳಿಸುವುದು ಡಾಕ್ಟರರ ಕೆಲಸ. ಉಳಿದ ಜೀವ ಬದುಕುವಂತೆ ಮಾಡುವುದು ಯಾರ ಕೆಲಸ? ನಾವು ಕೇಳುವುದು ಈ ಪ್ರಶ್ನೆಯನ್ನೇ.

ಕೈಕಾಲು ಬಿದ್ದುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಮನಸ್ಸು ಬಿದ್ದುದು ಕಾಣುವುದಿಲ್ಲ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮನಸ್ಸು ಕುಗ್ಗುವ ಕಾಯಿಲೆಯೂ ಅಂಟಿಕೊಳ್ಳುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಊಟ ಬೇಡ, ವ್ಯಾಯಾಮ ಬೇಡ, ಯಾರೂ ಬೇಡ ಎನಿಸುತ್ತದೆ. ಮನೆಯವರು ಇದನ್ನು ಸೋಮಾರಿತನ, ಹಟ ಎಂದು ತಿಳಿಯುತ್ತಾರೆ. ಇನ್ನು ಕೆಲವರಿಗೆ ಕಾರಣವಿಲ್ಲದೆ ಅಳು ಉಕ್ಕುತ್ತದೆ, ಸಾವಿನ ಮನೆಯಲ್ಲೂ ನಗು ಬರುತ್ತದೆ. ಅದು ಹುಚ್ಚಲ್ಲ, ಅಳುನಗೆಗಳ ಕಡಿವಾಣ ಹಿಡಿದ ಮಿದುಳಿನ ಭಾಗಕ್ಕೆ ಪೆಟ್ಟಾದರೆ ಹಾಗಾಗುತ್ತದೆ. ಇವೆರಡಕ್ಕೂ ಔಷಧಿಯುಂಟು. ಡಾಕ್ಟರರ ಹತ್ತಿರ ಬಾಯಿ ಬಿಟ್ಟು ಹೇಳಬೇಕು, ಅಷ್ಟೆ. ನಮ್ಮಲ್ಲಿ ಅದೇ ಆಗುವುದಿಲ್ಲ. ಮನಸ್ಸಿನ ಕಾಯಿಲೆ ಎಂದರೆ ಮಗಳ ಮದುವೆಗೆ ಅಡ್ಡಿ ಎಂದು ಹೆದರುವ ಜನ ನಾವು.

ಇದರ ಜೊತೆಗೆ ಮತ್ತೆ ಬಂದೀತೆಂಬ ಭಯ. ಮಲಗಿದರೆ ಎದ್ದೇನೋ ಇಲ್ಲವೋ ಎಂದು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುವವರಿದ್ದಾರೆ. ಹೆದರಬೇಡಿ ಎಂದರೆ ಭಯ ಹೋಗದು. ಒತ್ತಡದ ಮಾತ್ರೆಯನ್ನು ಒಂದು ದಿನವೂ ಬಿಡದೆ ನುಂಗಿಸುವುದು, ಬೀಡಿ ಬಿಡಿಸುವುದು, ತಿಂಗಳಿಗೊಮ್ಮೆ ಒತ್ತಡ ನೋಡಿಸುವುದು, ಇವೇ ಆ ಭಯಕ್ಕೆ ಉತ್ತರ. ಸ್ವಲ್ಪ ಗುಣ ಕಂಡೊಡನೆ ಮಾತ್ರೆ ನಿಲ್ಲಿಸುವವರು ಕಾಯಿಲೆಯನ್ನು ತಾವೇ ಮತ್ತೆ ಕರೆದಂತೆ.

ಮಾತಿನ ವಿಷಯ ಬೇರೆಯೇ. ಲಾಲ್‌ಬಾಗಿನ ಗಿರಣಿಯೊಂದರಲ್ಲಿ ದುಡಿದ ನಮ್ಮ ಹಿರಿಯರೊಬ್ಬರಿಗೆ ಮನೆಯಲ್ಲಿ ತುಳು, ರಾತ್ರಿಶಾಲೆಯಲ್ಲಿ ಕಲಿತದ್ದು ಕನ್ನಡ, ಗಿರಣಿಯಲ್ಲಿ ಮರಾಠಿ, ಬಾಜಾರಿನಲ್ಲಿ ಹಿಂದಿ. ಲಕ್ವದ ಮೇಲೆ ನಾಲ್ಕೂ ಮಾತು ಒಂದರೊಳಗೊಂದು ಸಿಕ್ಕಿಕೊಂಡವು. ಮಾತು ಕಲಿಸಲು ಬಂದವರು ಹಿಂದಿಯಲ್ಲಿ ಲೋಟದ ಚಿತ್ರ ತೋರಿಸಿ ಇದೇನು ಎಂದು ಕೇಳುತ್ತಾರೆ. ಮುದುಕರ ಬಾಯಿಗೆ ಬರುವುದು ತುಳುವಿನ ಮಾತು. ತಪ್ಪೆಂದು ಬರೆದುಕೊಳ್ಳುತ್ತಾರೆ. ಬುದ್ಧಿಯೇ ಹೋಯಿತು ಎಂದು ಮನೆಯವರು ಕೈಬಿಡುತ್ತಾರೆ. ಬುದ್ಧಿ ಹೋಗಿರುವುದಿಲ್ಲ, ಮಾತಿನ ದಾರಿ ಕೆಟ್ಟಿರುತ್ತದೆ. ನಾವು ಆಡಿದ್ದೆಲ್ಲ ಅವರಲ್ಲಿ ಎಷ್ಟೋ ಮಂದಿಗೆ ಅರ್ಥವಾಗುತ್ತಿರುತ್ತದೆ. ಅವರ ಮುಂದೆಯೇ "ಇನ್ನೇನು ಉಳಿದಿದೆ" ಎನ್ನುವವರು ಇದನ್ನು ನೆನಪಿಡಬೇಕು.

ಇನ್ನೊಂದು ಸೋಜಿಗವುಂಟು. ಎರಡು ಮಾತು ಜೋಡಿಸಲಾರದವರು ಒಂದು, ಎರಡು, ಮೂರು ಎಂದು ಎಣಿಸಬಲ್ಲರು, ವಾರಗಳ ಹೆಸರು ಹೇಳಬಲ್ಲರು, ಚಿಕ್ಕಂದಿನಿಂದ ಹಾಡಿದ ಭಜನೆಯನ್ನು ಹಾಡಬಲ್ಲರು. ಎಲ್ಲರಿಗೂ ಹೀಗಾಗದು, ಆದರೆ ಹಲವರಿಗೆ ಆಗುತ್ತದೆ. ಇದನ್ನು ತಿಳಿದ ಮಾತಿನ ಚಿಕಿತ್ಸಕರು ಹಾಡಿನಿಂದಲೇ ಮಾತಿಗೆ ಬರುವ ದಾರಿ ಹುಡುಕುತ್ತಾರೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಲಕ್ವದಿಂದ ಮಾತು ಕಳೆದುಕೊಂಡವರಿಗಾಗಿ ಕನ್ನಡದಲ್ಲಿಯೇ ಪರೀಕ್ಷೆಯನ್ನೂ ಅಭ್ಯಾಸದ ಪಾಠಗಳನ್ನೂ ಸಿದ್ಧಪಡಿಸಿದ್ದಾರೆ. ಕನ್ನಡಿಗನ ಮಾತನ್ನು ಕನ್ನಡದಲ್ಲಿ ಮರಳಿ ತರುವ ಸಾಧನ ಇದೆ ಎಂದಾಯಿತು. ಅದನ್ನು ಈ ಊರಿಗೆ ತರಿಸಿಕೊಳ್ಳುವುದು, ಭಜನೆಗೆ ಜೊತೆಗೂಡುವುದು ನಮ್ಮ ಕೈಯಲ್ಲಿದೆ.

ಇನ್ನು ನೋಡಿಕೊಳ್ಳುವವರ ಮಾತು. ನಮ್ಮಲ್ಲಿ ಅದು ಹೆಚ್ಚಾಗಿ ಹೆಂಡತಿ, ಇಲ್ಲವೆ ಸೊಸೆ, ಇಲ್ಲವೆ ಶಾಲೆ ಬಿಟ್ಟ ಮಗಳು. ಭಟ್ಟರ ಹೆಂಡತಿಯ ದಿನ ಹೇಗೆಂದು ಕೇಳಿ. ಬೆಳಗ್ಗೆ ನಲ್ಲಿಯ ನೀರು ಬರುವ ಮೊದಲೇ ಎದ್ದು ಅವರ ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಹುಣ್ಣಾಗದಂತೆ ಮಗ್ಗುಲು ತಿರುಗಿಸುತ್ತಿರಬೇಕು. ನಡುವೆ ಮೂರು ಮನೆಗಳಿಗೆ ಚಪಾತಿ ಮಾಡಿಕೊಟ್ಟು ಬಾಡಿಗೆಗೆ ದಾರಿ ಮಾಡಬೇಕು. ರಾತ್ರಿ ಮೂರು ಸಲ ಏಳಬೇಕು. ಎಂಟು ತಿಂಗಳಲ್ಲಿ ಒಂದು ಮದುವೆಗೆ ಹೋಗಿಲ್ಲ, ಒಂದು ಪೂಜೆಗೆ ಹೋಗಿಲ್ಲ. ಸೊಂಟ ನೋವಿಗೆ ಡಾಕ್ಟರರ ಹತ್ತಿರ ಹೋಗಲು ಪುರುಸೊತ್ತಿಲ್ಲ. ಸಿಟ್ಟಿನಲ್ಲಿ ಗಂಡನಿಗೆ ಒಂದು ಮಾತು ಅಂದುಬಿಟ್ಟರೆ, ಅಂದದ್ದಕ್ಕೆ ತಾನೇ ಅತ್ತು ಮಲಗುವುದು. ನಾವು ಅವಳನ್ನು ಪತಿವ್ರತೆ ಎಂದು ಹೊಗಳುತ್ತೇವೆ. ಹೊಗಳಿಕೆ ಒಂದು ಗಂಟೆಯ ನಿದ್ದೆಯನ್ನೂ ಕೊಡುವುದಿಲ್ಲ. ಯಾವ ಕೆಲಸಗಾರನಿಗೂ ವಾರಕ್ಕೊಂದು ರಜೆ ಬೇಕೆಂದು ಹೋರಾಡಿದ ನಾವು ಈ ಕೆಲಸಗಾರ್ತಿಯ ರಜೆಯ ಬಗ್ಗೆ ಯೋಚಿಸಿದ್ದೇವೆಯೆ?

ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆವು. ನಾವು ಹೋಟೇಲಿನಲ್ಲಿ ಟೇಬಲ್ಲು ಒರೆಸುತ್ತಿದ್ದ ಕಾಲದಲ್ಲಿ ನಮ್ಮ ಜೊತೆಯ ಚಹದ ಮಾಸ್ತರರೊಬ್ಬರಿಗೆ ಲಕ್ವ ಹೊಡೆಯಿತು. ಹೆಂಡತಿ ಮಕ್ಕಳು ಊರಲ್ಲಿ. ಇಲ್ಲಿ ಅವರಿಗೆ ಹೋಟೇಲಿನ ಅಟ್ಟವೇ ಮನೆ. ಧಣಿಗಳು ಒಂದು ತಿಂಗಳ ಸಂಬಳ ಕೊಟ್ಟು ಲೆಕ್ಕ ಮುಗಿಸಿದರು. ನಾವು ವರ್ಗಣಿ ಎತ್ತಿ ಟಿಕೀಟು ತೆಗೆದು ಕೊಂಕಣ ರೈಲಿನಲ್ಲಿ ಮಲಗಿಸಿ ಕೈಬೀಸಿದೆವು. ಧಣಿಗಳನ್ನು ಬಹಳ ದಿನ ಬೈದೆವು. ಆದರೆ ನಾವು ಏನು ಮಾಡಿದೆವು? ಒಂದು ಫೋನು ಮಾಡಲಿಲ್ಲ. ಒಂದೂವರೆ ವರ್ಷದ ಮೇಲೆ ಊರಿಂದ ಬಂದ ಹುಡುಗನೊಬ್ಬ ಅವರು ಹೋದ ಸುದ್ದಿ ಹೇಳಿದ. ಕೊನೆಯ ದಿನಗಳಲ್ಲಿ ಬಾಗಿಲ ಕಡೆ ನೋಡುತ್ತ ಮಲಗಿರುತ್ತಿದ್ದರಂತೆ. ಧಣಿಗಳಂತೆ ನಾವೂ ಲೆಕ್ಕ ಮುಗಿಸಿದ್ದೆವು.

"ಮನೆಯವರು ನೋಡಿಕೊಳ್ಳುತ್ತಾರಲ್ಲ, ನಾವೇಕೆ?" ಎನ್ನುವವರುಂಟು. ಅವರಿಗೆ ಒಂದು ಸಂಗತಿ ಹೇಳಬೇಕು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ಲಕ್ವ ರೋಗಿಗಳನ್ನು ಸೇರಿಸಿಕೊಂಡು ಒಂದು ದೊಡ್ಡ ಪರೀಕ್ಷೆ ನಡೆಯಿತು. ಅದರ ಫಲ 2017ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಯ ಮನೆಯವರಿಗೆ ವ್ಯಾಯಾಮ, ಆರೈಕೆಯ ಕ್ರಮಗಳನ್ನು ಕಲಿಸಿ, ಮನೆಯಲ್ಲಿ ನೀವೇ ಮಾಡಿಸಿ ಎಂದರು. ಉಳಿದವರಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ಮೇಲೆ ನೋಡಿದರೆ ಎರಡು ಕಡೆಯೂ ನೂರಕ್ಕೆ 47 ಮಂದಿ ಒಂದೋ ತೀರಿಹೋಗಿದ್ದರು, ಇಲ್ಲವೇ ಪರಾಧೀನರಾಗಿಯೇ ಉಳಿದಿದ್ದರು. ಮನೆಯವರ ಆರೈಕೆ ವ್ಯರ್ಥ ಎಂದು ಇದರ ಅರ್ಥವಲ್ಲ. ತರಬೇತಿಯ ಹೆಸರಿನಲ್ಲಿ ಇಡೀ ಭಾರವನ್ನು ಮನೆಯವರ ತಲೆಗೆ ದಾಟಿಸಿದರೆ ಸಾಲದು ಎಂದು ನಾವು ಇದರಿಂದ ತಿಳಿಯುತ್ತೇವೆ. ಮನೆಯ ಬೆನ್ನ ಹಿಂದೆ ಇನ್ನೂ ಜನ ಬೇಕು.

ಅಂಥ ಜನರು ಕೂಡಿದ ಉದಾಹರಣೆ ಈ ಊರಲ್ಲಿಯೇ ಇದೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯವರಿಗಾಗಿ 2001ರಲ್ಲಿ ಮುಂಬಯಿಯಲ್ಲಿ ಒಂದು ಸೊಸೈಟಿ ಹುಟ್ಟಿತು. ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಂದೆಡೆ ಕೂಡಿಸಿ ವ್ಯಾಯಾಮ, ಮಾತು, ಆಟ, ಹಾಡು ನಡೆಸುವ ಕೂಟಗಳನ್ನು ಅದು ದುಡ್ಡು ತೆಗೆದುಕೊಳ್ಳದೆ ಹಲವು ಕಡೆ ಏರ್ಪಡಿಸಿದೆ. ತನ್ನಂಥ ಇನ್ನೊಬ್ಬನನ್ನು ಕಂಡಾಗ ಮನುಷ್ಯನಿಗೆ ಬರುವ ಧೈರ್ಯ ಮಾತ್ರೆಯಿಂದ ಬಾರದು. ಅವರು ಮಾಡಿದ್ದನ್ನು ನಾವೇಕೆ ಮಾಡಬಾರದು?

ಹಕ್ಕಿನ ಮಾತನ್ನೂ ಸ್ಪಷ್ಟವಾಗಿ ಹೇಳುತ್ತೇವೆ, ಏಕೆಂದರೆ ಖಾಲಿ ಅಡಿಗೆಮನೆಯಲ್ಲಿ ಧೈರ್ಯ ಬಹಳ ದಿನ ನಿಲ್ಲದು. ಇ.ಎಸ್.ಐ. ಯೋಜನೆಗೆ ಸೇರಿದ ಕಾರ್ಮಿಕನಿಗೆ ಅರ್ಧಾಂಗ ಬಿದ್ದರೆ, ಅದು ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಸೇರಿದೆ. ಎರಡು ವರ್ಷದ ನೌಕರಿ ಮತ್ತು ವಂತಿಗೆಯ ಷರತ್ತು ಪೂರೈಸಿದ್ದರೆ, ಸಾಮಾನ್ಯ ಕಾಯಿಲೆ ಭತ್ಯೆಯ 91 ದಿನ ಮುಗಿದ ಮೇಲೂ ಸಂಬಳದ ನೂರಕ್ಕೆ 80ರಂತೆ ದೀರ್ಘಕಾಲದ ಭತ್ಯೆ ಸಿಗುತ್ತದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಕೆಲಸದಲ್ಲಿರುವಾಗಲೇ ಪೂರ್ತಿಯಾಗಿ, ಶಾಶ್ವತವಾಗಿ ಅಶಕ್ತನಾದವನಿಗೆ ಹತ್ತು ವರ್ಷ ತುಂಬದಿದ್ದರೂ ಪಿಂಚಣಿಯುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕೈಕಾಲಿನ ಊನ ಮಾತ್ರವಲ್ಲ, ಮಿದುಳಿನ ಪೆಟ್ಟಿನಿಂದ ಶಾಶ್ವತವಾಗಿ ಮಾತು ಕೆಟ್ಟುದೂ ಸೇರಿದೆ. ನೂರಕ್ಕೆ 40 ಅಥವಾ ಹೆಚ್ಚು ಎಂದು ಸರ್ಟಿಫಿಕೇಟು ಸಿಕ್ಕರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಹಾಜಿ ಅಲಿಯಲ್ಲಿ 1955ರಿಂದ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ; ನಡೆಯಲು ಬೇಕಾದ ಸಾಧನ, ವ್ಯಾಯಾಮ, ಕೈಗೆಲಸದ ಚಿಕಿತ್ಸೆ ಅಲ್ಲಿ ಸಿಗುತ್ತವೆ. ಮನಸ್ಸು ಕುಗ್ಗಿದವರು, ನೋಡಿಕೊಳ್ಳುವವರು ಕೂಡ, ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಈ ಸರಕಾರಿ ಸೇವೆಗೆ ದುಡ್ಡಿಲ್ಲ; ಕನ್ನಡದಲ್ಲಿಯೂ ಮಾತಾಡಬಹುದು.

ಆದರೆ ಇ.ಎಸ್.ಐ. ಎಂಬುದು ಹೆಸರು ನೋಂದಾಯಿಸಿದವರಿಗೆ. ನಮ್ಮ ದೋಸೆಭಟ್ಟರ ಹೆಸರು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಇಪ್ಪತ್ತೆರಡು ವರ್ಷ ದುಡಿದದ್ದಕ್ಕೆ ಸಾಕ್ಷಿ ಎಂದರೆ ಕಾವಲಿಯ ಕಾವಿಗೆ ಸುಟ್ಟ ಕೈಯ ಕಲೆಗಳು ಮಾತ್ರ. ಆದುದರಿಂದ ಪ್ರತಿಯೊಬ್ಬ ಸದಸ್ಯರೂ ಇಂದೇ ತಮ್ಮ ಹೆಸರು ನೋಂದಾಯಿತವಾಗಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಸಂಘಕ್ಕೆ ಬನ್ನಿ. ಈ ಜಗಳವನ್ನು ಕೈಕಾಲು ಗಟ್ಟಿ ಇರುವಾಗಲೇ ಆಡಬೇಕು.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾವು ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಒಂದು: ಕೋಪರಖೈರಣೆ, ಘಣಸೋಲಿ, ವಾಶಿ ಸುತ್ತಿನಲ್ಲಿ ಲಕ್ವ ಹೊಡೆದ ನಮ್ಮವರ ಪಟ್ಟಿ ಮಾಡಿ, ಒಂದೊಂದು ಮನೆಗೆ ಇಬ್ಬರು ಸದಸ್ಯರನ್ನು ಗೊತ್ತುಪಡಿಸಬೇಕು. ಅವರು ವಾರಕ್ಕೊಮ್ಮೆ ಹೋಗಿ ಎರಡು ಗಂಟೆ ರೋಗಿಯ ಜೊತೆ ಕೂರಬೇಕು. ಆ ಎರಡು ಗಂಟೆ ನೋಡಿಕೊಳ್ಳುವವರಿಗೆ ರಜೆ. ಎರಡು: ತಿಂಗಳಿಗೊಂದು ಭಾನುವಾರ ನೆಲಮಾಳಿಗೆಯ ಒಂದು ಜಾಗದಲ್ಲಿ ಇಂಥವರೆಲ್ಲರ ಕೂಟ ನಡೆಯಬೇಕು. ಮೆಟ್ಟಲಿಳಿಸಿ ತರುವ ಕೆಲಸ ನಮ್ಮ ತರುಣರದು. ಹೇಗೆ ಹಿಡಿಯಬೇಕೆಂದು ವ್ಯಾಯಾಮ ಚಿಕಿತ್ಸಕರಿಂದ ಮೊದಲು ಕಲಿತುಕೊಳ್ಳಲಿ. ಮೂರು: ಊರಿಗೆ ಹೋದವರನ್ನು ಪಟ್ಟಿಯಿಂದ ತೆಗೆಯಕೂಡದು. ಹದಿನೈದು ದಿನಕ್ಕೊಮ್ಮೆ ಫೋನು, ರಜೆಯಲ್ಲಿ ಊರಿಗೆ ಹೋದವರಿಂದ ಒಂದು ಭೇಟಿ. ನಾಲ್ಕು: ಸಾವಿಗೂ ಆಸ್ಪತ್ರೆಗೂ ಮಾತ್ರ ಎಂದಿರುವ ಪರಿಹಾರ ನಿಧಿಯ ನಿಯಮವನ್ನು ತಿದ್ದಿ, ರಿಕ್ಷಾ ಬಾಡಿಗೆ, ಊರುಗೋಲು, ಮಾತಿನ ಚಿಕಿತ್ಸೆಗಳಿಗೂ ಕೊಡುವಂತಾಗಬೇಕು.

ದುಡ್ಡೆಲ್ಲಿಂದ ಎಂದು ಕೇಳುವಿರಿ. ಮೊದಲ ಮೂರಕ್ಕೆ ದುಡ್ಡಿಗಿಂತ ಹೊತ್ತು ಬೇಕು. ಹೊತ್ತೆಲ್ಲಿದೆ ಎಂದೂ ಕೇಳುವಿರಿ; ಹದಿನಾಲ್ಕು ಗಂಟೆ ನಿಂತು ದುಡಿದವನ ದಣಿವು ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಅದೇ ದಣಿವಿನ ಮೇಲೆ ನಮ್ಮ ಹಿರಿಯರು ರಾತ್ರಿಶಾಲೆಗಳಿಗೆ ಹೋಗಿ ಓದಿದರು. ಗಿರಣಿಯ ಬಾಗಿಲು ಮುಚ್ಚಿದ ವರ್ಷಗಳಲ್ಲಿ ಚಾಳಿನ ಒಂದು ಖೋಲಿಯ ಅಕ್ಕಿ ಪಕ್ಕದ ಖೋಲಿಯಲ್ಲಿ ಬೆಂದುದುಂಟು. ಅಂದು ಯಾರೂ ಹೊತ್ತಿಲ್ಲ ಎನ್ನಲಿಲ್ಲ.

ಇದನ್ನು ಬರೆಯುವ ಮೊದಲು ನಾವು ಮತ್ತೆ ಎರಡು ಭಾನುವಾರ ಭಟ್ಟರ ಮನೆಗೆ ಹೋದೆವು. ಹಣ್ಣಿನ ಚೀಲ ಒಯ್ಯಲಿಲ್ಲ. ತಾಳ ಒಯ್ದೆವು. ಮೊದಲನೆಯ ಭಾನುವಾರ ಭಟ್ಟರು ಗೋಡೆಗೆ ಮುಖ ಮಾಡಿ ಮಲಗಿಯೇ ಇದ್ದರು. ಎರಡನೆಯ ಭಾನುವಾರ ಎಡಗೈಯಿಂದ ಹಾಸಿಗೆಯ ಮೇಲೆ ತಾಳ ಹಾಕಿದರು. ಭಜನೆಯ ಕೊನೆಯ ಎರಡು ಶಬ್ದ ನಮ್ಮ ಜೊತೆ ಅವರ ಬಾಯಿಂದಲೂ ಬಂತು. ಕಾಯಿಲೆ ವಾಸಿಯಾಯಿತೆಂದು ನಾವು ಹೇಳುವುದಿಲ್ಲ. ಬಲಗೈ ಇನ್ನೂ ಹಾಗೆಯೇ ಇದೆ. ಅವರ ಹೆಂಡತಿ ಅಂದು ಎಂಟು ತಿಂಗಳಲ್ಲಿ ಮೊದಲ ಸಲ, ಗಡಿಯಾರ ನೋಡದೆ, ಒಬ್ಬರೇ ಬಾಜಾರಿಗೆ ಹೋಗಿ ಬಂದರು. ಏನು ತಂದಿರಿ ಎಂದು ಕೇಳಿದರೆ, "ಏನೂ ಇಲ್ಲ ಅಣ್ಣ, ಸುಮ್ಮನೆ ತಿರುಗಿ ಬಂದೆ" ಎಂದರು.

ಬಂಧುಗಳೆ, ನಿಮ್ಮ ಪಕ್ಕದ ಖೋಲಿಯಲ್ಲಿ, ನಿಮ್ಮ ಹಳೆಯ ಹೋಟೇಲಿನಲ್ಲಿ, ನಿಮ್ಮ ಊರಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಹೆಸರು ಬರೆದು ಸಂಘದ ಕಚೇರಿಗೆ ಕಳುಹಿಸಿ. ಅದರ ಕೆಳಗೆ, ವಾರಕ್ಕೆ ಎರಡು ಗಂಟೆ ಕೊಡಬಲ್ಲ ನಿಮ್ಮ ಹೆಸರನ್ನೂ ಬರೆಯಿರಿ.